ಎಂಜಿನ್ ಆಯಿಲ್ ಕೇಳ್ತೀರಿ, ಶಾಕಪ್ ಆಯಿಲ್ ಯಾಕೆ ಕೇಳಂಗಿಲ್ಲ?

ಅಕ್ಕಲಕೋಟ: ಕಬ್ಬಿನ ಹಂಗಾಮಿನ ಒಂದು ಸಂಜೆ. ವಾಗ್ದರಿ ಕಡೆಯಿಂದ ಬೈಕ್ ಮೇಲೆ ಊರಿಗೆ ಬರುವಾಗ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್. ಟ್ರಾಲಿಯ ಹಿಂದೆ ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಎದುರಿನ ಜೀಪಿನ ಬೆಳಕು ಕಣ್ಣಿಗೆ ಬಿದ್ದು, ಟ್ರಾಲಿ ಕಂಡಾಗ ನಡುವೆ ಉಳಿದಿದ್ದ ಜಾಗ ಬಹಳ ಕಡಿಮೆ. ಮುಂದಿನ ಬ್ರೇಕ್ ಒತ್ತಿದರೆ ಹಿಡಿತವೇ ಸಿಗಲಿಲ್ಲ. ಕಾಲಿನ ಬ್ರೇಕ್ ಒಂದರ ಮೇಲೆ ಗಾಡಿ ಜಾರಿ, ರಸ್ತೆ ಬದಿಯ ಎರೆಮಣ್ಣಿನಲ್ಲಿ ಬಿತ್ತು. ಈ ಸಾಲು ಬರೆಯುವವನಿಗೆ ಮೊಣಕಾಲು ತರಚಿತು, ಅಷ್ಟರಲ್ಲೇ ಮುಗಿಯಿತು. ಟ್ರಾಲಿಯಿಂದ ಹೊರಗೆ ಚಾಚಿದ್ದ ಕಬ್ಬಿನ ತುದಿ ತಲೆಯಿಂದ ಮೂರು ಮೊಳ ದೂರ ಇತ್ತು.

ಮರುದಿನ ನೋಡಿದರೆ ಕಾರಣ ಸಣ್ಣದು. ಡಿಸ್ಕ್ ಇರುವ ಕಡೆಯ ಮುಂದಿನ ಶಾಕಪ್ಪಿನ ಸೀಲ್ ಒಡೆದು, ಒಳಗಿನ ಆಯಿಲ್ ಇಳಿದು, ಡಿಸ್ಕಿಗೂ ಪ್ಯಾಡಿಗೂ ಹತ್ತಿತ್ತು. ತಿಂಗಳ ಹಿಂದೆಯೇ ಪೈಪ್ ಮೇಲೆ ಎಣ್ಣೆಯ ಪಸೆ ಕಂಡು ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. "ಏನಾಗಂಗಿಲ್ರಿ, ನಡೀತದ" ಎಂದಿದ್ದರು. ನನಗೂ ಅದೇ ಉತ್ತರ ಬೇಕಾಗಿತ್ತು. ನಡೆಸಿದೆ.

ಗಡಿಭಾಗದ ನಮ್ಮ ಮನೆಗಳಲ್ಲಿ ಬೈಕ್ ಎಂದರೆ ಶೋಕಿ ಅಲ್ಲ. ಬೆಳಿಗ್ಗೆ ಹಾಲಿನ ಕ್ಯಾನ್, ಮಧ್ಯಾಹ್ನ ರಸಗೊಬ್ಬರದ ಚೀಲ, ಸಂಜೆ ಹೆಂಡತಿ ಮಕ್ಕಳು ಎಲ್ಲ ಅದರ ಮೇಲೆಯೇ. ದುಧನಿ ಮಾರ್ಕೆಟ್, ಸೊಲ್ಲಾಪುರದ ದವಾಖಾನೆ, ಅಫಜಲಪುರ, ಆಳಂದದ ಬೀಗರ ಮನೆ, ಎಲ್ಲಿಗೆ ಹೋಗುವುದಿದ್ದರೂ ಗಾಡಿಯೇ ಗತಿ. ಎಂಜಿನ್ ಆಯಿಲ್ ಬದಲಿಸುವ ದಿನ ಎಲ್ಲರಿಗೂ ನೆನಪಿರುತ್ತದೆ. ಚೈನಿಗೆ ಎಣ್ಣೆ ಬಿಡುತ್ತಾರೆ, ಗಾಳಿ ಹಾಕಿಸುತ್ತಾರೆ. ಆದರೆ ಗಾಡಿ ಕೊಂಡು ಹತ್ತು ವರ್ಷವಾದರೂ ಮುಂದಿನ ಶಾಕಪ್ಪಿನ ಆಯಿಲ್ ಒಮ್ಮೆಯೂ ಬದಲಿಸದವರು ನಮ್ಮ ನಡುವೆ ಬಹಳ ಜನ. ಒಳಗೆ ಆಯಿಲ್ ಇದೆ ಎಂಬುದೇ ಸೋರಿದ ಮೇಲೆ ಗೊತ್ತಾಗುತ್ತದೆ.

ಒಳಗೆ ಏನಿದೆ?

ಮುಂದಿನ ಚಕ್ರದ ಎರಡೂ ಬದಿಗೆ ಇರುವ ಉದ್ದನೆಯ ಕಾಲುಗಳೇ ಶಾಕಪ್. ಪುಸ್ತಕದಲ್ಲಿ ಇದಕ್ಕೆ ಫ್ರಂಟ್ ಫೋರ್ಕ್ ಎನ್ನುತ್ತಾರೆ. ಹೊಳೆಯುವ ಪೈಪ್ ಕೆಳಗಿನ ದಪ್ಪ ಕೊಳವೆಯಲ್ಲಿ, ಅಂದರೆ ಬಾಟಮ್ಮಿನಲ್ಲಿ, ಹೋಗಿ ಬಂದು ಮಾಡುತ್ತದೆ. ಒಳಗೆ ಒಂದು ಉದ್ದ ಸ್ಪ್ರಿಂಗ್, ಸಣ್ಣ ತೂತುಗಳಿರುವ ಒಂದು ಕೊಳವೆ ಮತ್ತು ಆಯಿಲ್. ಹೀಗೆ ಆಯಿಲಿನ ತಡೆ ಇರುವ ಫೋರ್ಕನ್ನು ಬಿಎಂಡಬ್ಲ್ಯೂ ಕಂಪನಿ 1935ರಲ್ಲಿ ತನ್ನ ಗಾಡಿಗಳಿಗೆ ಹಾಕಿ ಮಾರಾಟಕ್ಕೆ ತಂದಿತು. ಇಂದು ನಮ್ಮ 100 ಸಿಸಿ ಗಾಡಿಯಲ್ಲಿ ಇರುವುದೂ ಅದೇ ತತ್ವ.

ಚಕ್ರ ತೆಗ್ಗಿಗೆ ಬಿದ್ದಾಗ ಪೆಟ್ಟು ತಿನ್ನುವುದು ಸ್ಪ್ರಿಂಗ್. ಆದರೆ ಒತ್ತಿದ ಸ್ಪ್ರಿಂಗ್ ಸುಮ್ಮನಿರುವುದಿಲ್ಲ, ಮತ್ತೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಹಿಡಿದು ನಿಧಾನ ಮಾಡುವುದು ಆಯಿಲಿನ ಕೆಲಸ. ಸಣ್ಣ ತೂತುಗಳಿಂದ ಆಯಿಲ್ ತಿಣುಕಿ ದಾಟಬೇಕು, ಅಷ್ಟರಲ್ಲಿ ಪೆಟ್ಟಿನ ಬಲ ಶಾಖವಾಗಿ ಕರಗುತ್ತದೆ. ಆಯಿಲ್ ಹಾಳಾದರೆ ಅಥವಾ ಕಡಿಮೆಯಾದರೆ ಹ್ಯಾಂಡಲ್ ಕುಣಿಯುತ್ತದೆ, ಟಯರ್ ನೆಲ ಬಿಟ್ಟು ಬಿಟ್ಟು ಓಡುತ್ತದೆ. ನೆಲ ಬಿಟ್ಟ ಟಯರಿಗೆ ಯಾವ ಬ್ರೇಕೂ ಉಪಯೋಗವಿಲ್ಲ.

ಇದು ಬರೀ ಮೈಕೈ ನೋವಿನ ಪ್ರಶ್ನೆ ಅಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಮತ್ತು ಸವಾರನ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ. ಆ ಹೊತ್ತಿಗೆ ಮುಂದಿನ ಚಕ್ರ ನೆಲ ಕಚ್ಚಿ ಹಿಡಿದಿರಬೇಕು. "ಮುಂದಿನ ಬ್ರೇಕ್ ಹಿಡದ್ರ ಪಲ್ಟಿ ಆಗ್ತದ" ಎಂದು ಕಾಲಿನ ಬ್ರೇಕ್ ಒಂದನ್ನೇ ನಂಬುವವರು ನಮ್ಮಲ್ಲಿ ಬಹಳ. ಆದರೆ 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಬ್ರೇಕ್ ಕೂಡಿ ಹಿಡಿಯುವ ಸಿಬಿಎಸ್ ವ್ಯವಸ್ಥೆ ಕಡ್ಡಾಯವಾಯಿತು. ಇಂಥ ಬೈಕಿನಲ್ಲಿ ಕಾಲಿನ ಬ್ರೇಕ್ ಒತ್ತಿದರೂ ಮುಂದಿನ ಬ್ರೇಕ್ ಸ್ವಲ್ಪ ಹಿಡಿಯುತ್ತದೆ. ಮುಂದಿನ ಶಾಕಪ್ ಮರೆತು ಗಾಡಿ ಓಡಿಸುವ ಕಾಲ ಹೋಯಿತು.

ಆಯಿಲ್ ಯಾಕೆ ಕೆಡುತ್ತದೆ?

ಎಂಜಿನ್ ಆಯಿಲಿಗೆ ಜಾಳಿಗೆ ಇದೆ, ಹಲವು ಗಾಡಿಗಳಲ್ಲಿ ಫಿಲ್ಟರ್ ಕೂಡ ಇದೆ. ಶಾಕಪ್ ಆಯಿಲಿಗೆ ಎರಡೂ ಇಲ್ಲ. ಒಳಗೆ ತಿಕ್ಕಿ ಸವೆದ ಲೋಹದ ಪುಡಿ ಅಲ್ಲೇ ಉಳಿದು, ಸುತ್ತಿ ಸುತ್ತಿ ಇನ್ನಷ್ಟು ಸವೆಸುತ್ತದೆ. ಮಳೆಗಾಲದಲ್ಲಿ, ಗಾಡಿ ತೊಳೆಯುವಾಗ, ಹಳೆಯ ಸೀಲಿನ ಸಂದಿಯಿಂದ ನೀರಿನ ಪಸೆ ಒಳಗೆ ಹೋಗುತ್ತದೆ. ನಮ್ಮ ಎರೆಮಣ್ಣಿನ ಧೂಳು ಪೈಪಿಗೆ ಅಂಟಿ, ಒಣಗಿ, ಸೀಲಿನ ತುಟಿಯನ್ನು ಕೊರೆಯುತ್ತದೆ. ಎಷ್ಟೋ ವರ್ಷದ ಆಯಿಲ್ ಇಳಿಸಿದರೆ ಬೂದಿ ಬಣ್ಣ, ಕೊಳೆತ ಮೀನಿನಂಥ ವಾಸನೆ, ತಳದಲ್ಲಿ ಬೆಳ್ಳಿಯಂಥ ಪುಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಬದಲಿಸುವ ಅವಧಿ ಗಾಡಿಯಿಂದ ಗಾಡಿಗೆ ಬೇರೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಬೇಕು. ಪುಸ್ತಕ ಕಳೆದಿದ್ದರೆ ಎರಡು ವರ್ಷಕ್ಕೊಮ್ಮೆ ಎಂದು ಲೆಕ್ಕ ಇಟ್ಟುಕೊಂಡರೆ ತಪ್ಪಾಗದು.

ಮನೆಯಂಗಳದಲ್ಲೇ ಪರೀಕ್ಷೆ

ಪಾನಾ, ಸ್ಕ್ರೂಡ್ರೈವರ್ ಏನೂ ಬೇಡ. ಗಾಡಿ ಮೇಲೆ ಕೂತು ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಮುಂಭಾಗ ಮೇಲೆ ಬಂದು ಅಲ್ಲೇ ನಿಂತರೆ ಆಯಿಲ್ ಕೆಲಸ ಮಾಡುತ್ತಿದೆ. ಎರಡು ಮೂರು ಸಲ ಕುಣಿದರೆ ಕೆಲಸ ನಿಲ್ಲಿಸಿದೆ. ಒತ್ತುವಾಗ ತಳದಲ್ಲಿ ಟಕ್ ಎಂದು ಬಡಿದರೆ ಆಯಿಲ್ ಕಡಿಮೆ ಇರಬಹುದು ಅಥವಾ ಸ್ಪ್ರಿಂಗ್ ಸೋತಿರಬಹುದು.

ಆಮೇಲೆ ಹೊಳೆಯುವ ಪೈಪ್ ಮೇಲೆ ಬೆರಳು ಸವರಿ. ಬಳೆಯ ಹಾಗೆ ಎಣ್ಣೆಯ ಗೆರೆ ಇದ್ದರೆ ಸೀಲ್ ಸೋರಲು ಶುರುವಾಗಿದೆ. ಉಗುರಿಗೆ ತಾಗುವಂಥ ತುಕ್ಕಿನ ಚುಕ್ಕೆ ಇದೆಯೇ ಎಂದೂ ನೋಡಿ. ಆ ಚುಕ್ಕೆ ಹೊಸ ಸೀಲನ್ನೂ ಹರಿಯುತ್ತದೆ. ಸೀಲ್ ಎಷ್ಟು ಸಲ ಹಾಕಿಸಿದರೂ ಸೋರುತ್ತದೆ ಎನ್ನುವವರ ಗಾಡಿಯಲ್ಲಿ ಹೆಚ್ಚಾಗಿ ತಪ್ಪು ಸೀಲಿನದಲ್ಲ, ಪೈಪಿನದು. ಅಂಥ ಪೈಪ್ ಬದಲಿಸಲೇಬೇಕು.

ಅಂದಾಜಿನ ಆಯಿಲ್ ತಂದ ತೊಂದರೆ

ನನ್ನ ಕಥೆ ಸೀಲಿಗೇ ಮುಗಿಯಲಿಲ್ಲ. ಬಿದ್ದ ಮೇಲೆ ಹೊಸ ಸೀಲ್, ಹೊಸ ಪ್ಯಾಡ್ ಹಾಕಿಸಿದೆ. ಆಯಿಲ್ ತುಂಬಿದವರು ಕೈಗೆ ಸಿಕ್ಕ ಎಂಜಿನ್ ಆಯಿಲನ್ನೇ ಡಬ್ಬಿಯಿಂದ ನೇರ ಸುರಿದರು. ಗಾಡಿ ಹೊರಗೆ ತಂದರೆ ಹ್ಯಾಂಡಲ್ ಕಟ್ಟಿಗೆಯ ಹಾಗೆ ಬಿರುಸು. ಮಹಾರಾಷ್ಟ್ರದ ಫಲಕದಲ್ಲಿ ‘ಗತಿರೋಧಕ’ ಎಂದಿರುವ ಉಬ್ಬಿಗೂ ಕರ್ನಾಟಕದ ಕಡೆಯ ‘ರಸ್ತೆ ಉಬ್ಬಿ’ಗೂ ಒಂದೇ ಪೆಟ್ಟು, ಮುಂಗೈಯಿಂದ ಹೆಗಲವರೆಗೆ. ಕೊನೆಗೆ ಇನ್ನೊಬ್ಬ ಮಿಸ್ತ್ರಿ ಬಿಚ್ಚಿ ಅಳೆದು ನೋಡಿದರು. ಒಂದು ಕಾಲಿಗಿಂತ ಇನ್ನೊಂದು ಕಾಲಿನಲ್ಲಿ ಆಯಿಲ್ ಬಹಳ ಹೆಚ್ಚಿತ್ತು.

"ಅಣ್ಣಾರ, ಇದು ಬ್ಯಾಳಿಗೆ ನೀರ ಹಾಕಿದಂಗ ಅಲ್ರಿ, ಔಷಧ ಕೊಟ್ಟಂಗ. ಅಳತಿ ತಪ್ಪಿದ್ರ ಮುಗೀತು" ಎಂದರು. ಅವರ ಹತ್ತಿರ ಮಿಲಿ ಗುರುತಿರುವ ಪ್ಲಾಸ್ಟಿಕ್ ಲೋಟ, ಒಂದು ಸ್ಟೀಲ್ ಸ್ಕೇಲ್ ಇತ್ತು. ಬೇರೆ ಯಾವ ದೊಡ್ಡ ಯಂತ್ರವೂ ಇರಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಅವರ ಮಾತು ನಿಜ. ಪೈಪಿನ ಒಳವ್ಯಾಸ 25 ಮಿ.ಮೀ. ಎಂದು ಹಿಡಿದರೆ, ಸುಮಾರು 5 ಮಿ.ಲೀ. ಆಯಿಲ್ ಸಾಕು, ಮಟ್ಟ 10 ಮಿ.ಮೀ. ಏರಲು. ಅಂದರೆ ಒಂದು ಚಹಾ ಚಮಚ. ಸಣ್ಣ ಗಾಡಿಗಳಲ್ಲಿ ಒಂದು ಕಾಲಿಗೆ ಹಿಡಿಯುವುದೇ ಸಾಮಾನ್ಯವಾಗಿ 150ರಿಂದ 200 ಮಿ.ಲೀ. ಒಳಗೆ. ಅಂದಾಜಿನಲ್ಲಿ ಸುರಿದರೆ ಎರಡೂ ಕಡೆ ಸಮ ಬರುವುದು ಹೇಗೆ?

ಆಯಿಲ್ ಮೇಲೆ ಪೈಪಿನಲ್ಲಿ ಉಳಿಯುವ ಗಾಳಿಯ ಜಾಗವೂ ಲೆಕ್ಕಕ್ಕೆ ಬರುತ್ತದೆ. ಶಾಕಪ್ ಒತ್ತಿದಾಗ ಆ ಗಾಳಿಯೂ ಒತ್ತಿ, ಇನ್ನೊಂದು ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ. ಆಯಿಲ್ ಹೆಚ್ಚಾದರೆ ಗಾಳಿಗೆ ಜಾಗ ಕಡಿಮೆ, ಶಾಕಪ್ ಕೊನೆಗೆ ಬರುತ್ತ ಬರುತ್ತ ಕಲ್ಲಾಗುತ್ತದೆ, ಒತ್ತಡಕ್ಕೆ ಸೀಲ್ ಹಾರುತ್ತದೆ. ಆಯಿಲ್ ಕಡಿಮೆಯಾದರೆ ತಳಕ್ಕೆ ಬಡಿಯುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ.

ಬದಲಿಸುವ ಕ್ರಮ

ಕೈಗೆಲಸ ಬಲ್ಲವರು ಮನೆಯಲ್ಲೂ ಮಾಡಬಹುದು. ಬಾರದವರು ಮಿಸ್ತ್ರಿಯ ಪಕ್ಕ ನಿಂತು ನೋಡಿದರೂ ಸಾಕು.

ಗಾಡಿಯನ್ನು ಸಮನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಗಟ್ಟಿ ಕಟ್ಟಿಗೆ ಕೊಟ್ಟು ಮುಂದಿನ ಚಕ್ರ ಎತ್ತಬೇಕು. ಗಾಡಿ ಅಲುಗಾಡಬಾರದು. ಪೈಪ್ ಇನ್ನೂ ಹಿಡಿಕೆಯಲ್ಲಿ, ಗ್ಯಾರೇಜಿನವರು ‘ಟಿ’ ಎನ್ನುವುದರಲ್ಲಿ, ಇರುವಾಗಲೇ ತಲೆಯ ಬೋಲ್ಟನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಪೈಪ್ ಹೊರಗೆ ಬಂದ ಮೇಲೆ ಅದು ಸುಲಭಕ್ಕೆ ತಿರುಗುವುದಿಲ್ಲ. ಹಿಡಿಕೆಯಿಂದ ಪೈಪ್ ಎಷ್ಟು ಮೇಲೆ ಬಂದಿದೆ ಎಂದೂ ಗುರುತು ಹಾಕಿಕೊಳ್ಳಬೇಕು.

ಚಕ್ರ, ಮಡ್‌ಗಾರ್ಡ್ ತೆಗೆದು, ಡಿಸ್ಕ್ ಇದ್ದರೆ ಕ್ಯಾಲಿಪರನ್ನು ತಂತಿಯಿಂದ ಕಟ್ಟಿಡಬೇಕು. ಬ್ರೇಕಿನ ಪೈಪ್ ಮೇಲೆ ಅದರ ಭಾರ ಬೀಳಬಾರದು. ಡಿಸ್ಕ್ ಇಲ್ಲದಾಗ ಬ್ರೇಕ್ ಹಿಡಿಕೆಯನ್ನು ಮಕ್ಕಳು ಆಟಕ್ಕೂ ಒತ್ತಬಾರದು, ಒಳಗಿನ ಪಿಸ್ಟನ್ ಹೊರಗೆ ಬರುತ್ತದೆ.

ಶಾಕಪ್ ಹೊರ ತೆಗೆದ ಮೇಲೆ ತಲೆಯ ಬೋಲ್ಟ್ ಬಿಚ್ಚುವಾಗ ಎಚ್ಚರ. ಕೆಳಗೆ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಕೊನೆಯ ಸುತ್ತಿನಲ್ಲಿ ಬೋಲ್ಟನ್ನು ಕೆಳಗೆ ಒತ್ತಿ ಹಿಡಿದೇ ತಿರುಗಿಸಬೇಕು, ಮುಖವನ್ನು ಅದರ ನೇರಕ್ಕೆ ಇಡಬಾರದು. ಇದೊಂದು ತಪ್ಪಿಗೆ ಕಣ್ಣು ಹೋಗಬಹುದು.

ಸ್ಪ್ರಿಂಗಿನ ಯಾವ ತುದಿ ಮೇಲಿತ್ತು ಎಂದು ನೋಡಿಕೊಂಡು ತೆಗೆದು, ಶಾಕಪ್ಪನ್ನು ತಲೆಕೆಳಗು ಮಾಡಿ ಎಂಟು ಹತ್ತು ಸಲ ಒತ್ತಿ ಎಳೆದು, ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಕೆಲವು ಗಾಡಿಗಳಲ್ಲಿ ಬಾಟಮ್ಮಿನ ಕೆಳಗೆ ಆಯಿಲ್ ಇಳಿಸುವ ಸ್ಕ್ರೂ ಇರುತ್ತದೆ. ಅದರಿಂದ ಇಳಿಸುವುದು ಸುಲಭ, ಆದರೆ ತಳದ ಕೊಳೆ ಪೂರ್ತಿ ಬರುವುದಿಲ್ಲ. ಸೀಲ್ ಬದಲಿಸುವುದಿದ್ದರೆ ಇದೇ ಸಮಯ, ಎರಡೂ ಕಡೆ ಜೊತೆಗೇ.

ಈಗ ಪುಸ್ತಕದಲ್ಲಿ ಹೇಳಿದಷ್ಟೇ ಮಿಲಿ ಆಯಿಲನ್ನು ಅಳೆದು ಹಾಕಬೇಕು. ಪೂರ್ತಿ ಬಿಚ್ಚಿ ಒಣಗಿಸಿದ ಶಾಕಪ್ಪಿಗೆ ಹಿಡಿಯುವ ಆಯಿಲ್ ಹೆಚ್ಚು, ಬರೀ ಇಳಿಸಿ ತುಂಬುವಾಗ ಸ್ವಲ್ಪ ಕಡಿಮೆ. ಹಳೆಯದು ಒಳಗೆ ಅಂಟಿ ಉಳಿದಿರುವುದೇ ಕಾರಣ. ಆದ್ದರಿಂದ ಮಿಲಿ ಅಳತೆಯ ಮೇಲೆ ಒಂದನ್ನೇ ನಂಬದೆ ಮಟ್ಟವನ್ನೂ ನೋಡಬೇಕು. ನಿಧಾನಕ್ಕೆ ಒತ್ತಿ ಎಳೆದು ಒಳಗಿನ ಗಾಳಿ ಹೊರಡಿಸಿ, ಕೆಲ ನಿಮಿಷ ಬಿಟ್ಟು, ಸ್ಪ್ರಿಂಗ್ ಇಲ್ಲದೆ ಪೈಪನ್ನು ಪೂರ್ತಿ ಕೆಳಗೆ ಇಳಿಸಿ, ಶಾಕಪ್ ನೆಟ್ಟಗೆ ಹಿಡಿದು, ಪೈಪಿನ ಬಾಯಿಯಿಂದ ಆಯಿಲಿನವರೆಗೆ ಸ್ಕೇಲ್ ಇಳಿಸಿ ಅಳೆಯಬೇಕು. ಹೆಚ್ಚಿದ್ದರೆ ಸಿರಿಂಜಿನಿಂದ ಎಳೆಯಬೇಕು, ಕಡಿಮೆ ಇದ್ದರೆ ಹನಿ ಹನಿ ಸೇರಿಸಬೇಕು. ಎರಡೂ ಕಾಲು ಸಮ ಆಗುವವರೆಗೆ ಕೈ ಬಿಡಬಾರದು.

ಜೋಡಿಸುವಾಗ ಪೈಪ್ ಹಳೆಯ ಗುರುತಿಗೇ ಬರಬೇಕು. ಚಕ್ರ ಹಾಕಿ, ನೆಲಕ್ಕಿಳಿಸಿ, ನಾಲ್ಕೈದು ಸಲ ಒತ್ತಿ ನೇರ ಕೂತ ಮೇಲೆ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡಬೇಕು. ಹೊರಡುವ ಮುಂಚೆ ಬ್ರೇಕ್ ಹಿಡಿಕೆಯನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ನೋಡಬೇಕು. ಇದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗುವುದಿಲ್ಲ.

ದಪ್ಪ ಆಯಿಲ್ ಹಾಕಿದರೆ ಭಾರ ತಡೆಯುತ್ತದೆಯೇ?

"ನಾ ಹಾಲ ಒಯ್ತೀನ್ರಿ, ದಪ್ಪಂದ ಹಾಕ್ರಿ" ಎಂದು ಕೇಳುವವರು ಉಂಟು. ಇಲ್ಲೇ ತಪ್ಪು ತಿಳಿವಳಿಕೆ. ಭಾರ ಹೊರುವುದು ಸ್ಪ್ರಿಂಗ್. ಆಯಿಲ್ ದಪ್ಪವಾದರೆ ಶಾಕಪ್ಪಿನ ಚಲನೆ ನಿಧಾನವಾಗುತ್ತದೆ ಅಷ್ಟೇ, ಹೊರುವ ಶಕ್ತಿ ಹೆಚ್ಚುವುದಿಲ್ಲ. ಹಾಲಿನ ಕ್ಯಾನಿನ ಭಾರ ಬೀಳುವುದೂ ಹೆಚ್ಚಾಗಿ ಹಿಂದಿನ ಶಾಕಪ್ ಮೇಲೆ. ಅದನ್ನು ಹಿಂದಿನ ಸ್ಪ್ರಿಂಗಿನ ಬಿಗಿ ಹೆಚ್ಚಿಸಿ ಸರಿ ಮಾಡಿಕೊಳ್ಳಬೇಕು.

ಬಹಳ ದಪ್ಪ ಆಯಿಲ್ ಇದ್ದರೆ ಸಾಲು ತೆಗ್ಗಿನ ರಸ್ತೆಯಲ್ಲಿ ಶಾಕಪ್ ಒಂದು ಪೆಟ್ಟಿನಿಂದ ಮೇಲೇಳುವ ಮುಂಚೆ ಎರಡನೆಯದು ಬೀಳುತ್ತದೆ. ಹೀಗೆ ಕುಸಿಯುತ್ತ ಹೋಗಿ ಶಾಕಪ್ ಇದ್ದೂ ಇಲ್ಲದಂತಾಗುತ್ತದೆ. ಬೇಸಿಗೆಗಿಂತ ಚಳಿಗಾಲದ ಮುಂಜಾನೆ ಇದು ಇನ್ನೂ ಹೆಚ್ಚು, ತಂಪಿಗೆ ಆಯಿಲ್ ಮತ್ತಷ್ಟು ದಪ್ಪವಾಗುತ್ತದೆ. ತೀರ ತೆಳ್ಳಗಿದ್ದರೆ ಹ್ಯಾಂಡಲ್ ಕುಣಿಯುತ್ತದೆ.

ಡಬ್ಬಿ ಮೇಲಿನ 10 ಡಬ್ಲ್ಯೂ, 20 ಡಬ್ಲ್ಯೂ ನಂಬರುಗಳು ದಪ್ಪದ ಗುರುತು. ಆದರೆ ಒಂದು ಕಂಪನಿಯ 10 ಡಬ್ಲ್ಯೂ ಫೋರ್ಕ್ ಆಯಿಲ್ ಇನ್ನೊಂದು ಕಂಪನಿಯ 10 ಡಬ್ಲ್ಯೂದಷ್ಟೇ ದಪ್ಪ ಇರುತ್ತದೆ ಎಂದಿಲ್ಲ. ಹೀಗಾಗಿ ಬೇರೆ ಬೇರೆ ಕಂಪನಿಯದನ್ನು ಬೆರೆಸಬಾರದು. ಎಂಜಿನ್ನಿಗೆ ಹಾಕುವ 20 ಡಬ್ಲ್ಯೂ 40 ಆಯಿಲಂತೂ 10 ಡಬ್ಲ್ಯೂ ಫೋರ್ಕ್ ಆಯಿಲಿನ ದುಪ್ಪಟ್ಟಿಗಿಂತ ಹೆಚ್ಚು ದಪ್ಪ. ಕೆಲವು ಹಳೆಯ ಗಾಡಿಗಳ ಪುಸ್ತಕದಲ್ಲೇ ಶಾಕಪ್ಪಿಗೆ ಎಂಜಿನ್ ಆಯಿಲ್ ಹಾಕಲು ಹೇಳಿದ್ದುಂಟು. ಅದನ್ನು ನೋಡಿ ಎಲ್ಲ ಗಾಡಿಗೂ ಹಾಕಿದರೆ ನನ್ನ ಗಾಡಿಯ ಗತಿಯೇ ಆಗುತ್ತದೆ.

ತಿದ್ದುವುದಿದ್ದರೆ ಮೊದಲು ಪುಸ್ತಕದ ಅಳತೆಗೆ ತಂದು ವಾರ ಓಡಿಸಿ ನೋಡಬೇಕು. ಬ್ರೇಕಿಗೆ ಮೂತಿ ತೀರ ಕುಸಿದು ತಳ ಬಡಿದರೆ ಎರಡೂ ಕಡೆ ಮಟ್ಟವನ್ನು 5 ಮಿ.ಮೀ.ನಷ್ಟು ಏರಿಸಿ ಮತ್ತೆ ನೋಡಬೇಕು. ಕುಣಿತ ಉಳಿದರೆ ಒಂದು ನಂಬರ್ ದಪ್ಪದ ಆಯಿಲ್. ಎರಡನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ತಲೆಕೆಳಗಾದ ದಪ್ಪ ಶಾಕಪ್ ಇರುವ ಹೊಸ ತರದ ಗಾಡಿಗಳಿಗೆ ಬೇರೆ ಹತ್ಯಾರ ಬೇಕು, ಅವನ್ನು ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯುವುದು ಒಳ್ಳೆಯದು.

ಸೋರುತ್ತಿದ್ದರೆ ಕಾಯಬೇಡಿ

ಡಿಸ್ಕಿಗೆ ಆಯಿಲ್ ತಾಗಿದರೆ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬಹುದು, ಆದರೆ ಎಣ್ಣೆ ಕುಡಿದ ಪ್ಯಾಡ್ ಬದಲಿಸಲೇಬೇಕು. ಪೆಟ್ರೋಲಿನಲ್ಲಿ ತೊಳೆದು, ಉಸುಕು ಕಾಗದದಿಂದ ತಿಕ್ಕಿ ಮತ್ತೆ ಹಾಕುವುದು ಜೀವದ ಜೊತೆ ಜೂಜು. ಇಳಿಸಿದ ಹಳೆಯ ಆಯಿಲನ್ನು ಗಟಾರಿಗೋ ಬಾವಿಯ ಕಡೆಗೋ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು, ಹಳೆ ಆಯಿಲ್ ಒಟ್ಟು ಮಾಡುವ ಗ್ಯಾರೇಜಿಗೆ ಕೊಡಬೇಕು.

ಖರ್ಚಿನ ಲೆಕ್ಕವೂ ಹೆದರುವಂಥದ್ದಲ್ಲ. ಒಂದು ಬಾಟಲಿ ಫೋರ್ಕ್ ಆಯಿಲ್, ಎರಡು ಸೀಲ್, ಮಿಸ್ತ್ರಿಯ ಮಜೂರಿ. ಪೈಪ್ ಚೆನ್ನಾಗಿದ್ದರೆ ಸಾಧಾರಣ ಗಾಡಿಗೆ ಎಲ್ಲ ಸೇರಿ ಒಂದು ಹೊಸ ಟಯರಿನ ಬೆಲೆ ಮುಟ್ಟುವುದಿಲ್ಲ. ನಾನು ತಿಂಗಳ ಹಿಂದೆ ಉಳಿಸಿದ್ದು ಅಷ್ಟು, ಆಮೇಲೆ ಪ್ಯಾಡ್, ಇಂಡಿಕೇಟರ್, ಲಿವರ್, ಮುಲಾಮು ಪಟ್ಟಿ, ಎರಡು ಸಲದ ಮಜೂರಿ ಎಂದು ಕೊಟ್ಟದ್ದು ಅದರ ಎಷ್ಟೋ ಪಟ್ಟು.

ಗಾಡಿಯ ಪುಸ್ತಕ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಫ್ರಂಟ್ ಫೋರ್ಕ್ ಆಯಿಲ್ ಎಂಬ ಸಾಲು ಹುಡುಕಿಸಿ, ನಂಬರ್ ಮತ್ತು ಮಿಲಿ ಎರಡನ್ನೂ ಒಂದು ಚೀಟಿಯಲ್ಲಿ ಬರೆಸಿ ಸೀಟಿನ ಕೆಳಗೆ ಇಡಿ. ಗ್ಯಾರೇಜಿಗೆ ಹೋದಾಗ ಮೂರೇ ಮಾತು ಕೇಳಿ. ಯಾವ ನಂಬರಿನ ಆಯಿಲ್? ಒಂದು ಕಾಲಿಗೆ ಎಷ್ಟು ಮಿಲಿ? ಎರಡೂ ಕಡೆ ಅಳೆದಿರೇನು? ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ, ಕೇಳುವುದು ಮುಖ್ಯ. "ನಡೀತದ" ಎಂಬ ಉತ್ತರ ಬಂದರೆ ಮಾತ್ರ ಗಾಡಿ ಅಲ್ಲಿ ಬಿಡಬೇಡಿ.

ಕಬ್ಬಿನ ಟ್ರಾಲಿಗಳು ರಸ್ತೆಗೆ ಇಳಿಯುವ ಮುಂಚೆ, ಜಾತ್ರೆಗೆ ಮನೆಮಂದಿಯನ್ನು ಕೂಡಿಸಿಕೊಂಡು ದೂರ ಹೊರಡುವ ಮುಂಚೆ, ಒಮ್ಮೆ ಅಂಗಳದಲ್ಲೇ ಹ್ಯಾಂಡಲ್ ಒತ್ತಿ ನೋಡಿ, ಪೈಪ್ ಮೇಲೆ ಬೆರಳು ಸವರಿ ನೋಡಿ. ಬೆರಳಿಗೆ ಎಣ್ಣೆ ಹತ್ತಿದರೆ ಆ ದಿನದ ಮೊದಲ ಕೆಲಸ ಅದೇ ಆಗಲಿ.